ಅಗ್ಗದ ಚಾರ್ಜರ್ ಹಾಕಿದ ಮೇಲೆ ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ ಎನ್ನುತ್ತದೆ, ಬ್ಯಾಟರಿ ತುಂಬುವುದಿಲ್ಲ: ದೋಷ ಎಲ್ಲಿರಬಹುದು?

ಇತಿಹಾಸದ ಮೇಷ್ಟ್ರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಸಮೀಪದ ಊರೊಂದರ ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಉಪನ್ಯಾಸಕ. ವಿದ್ಯುತ್ತಿನ ವಿಷಯದಲ್ಲಿ ನನ್ನ ತಿಳಿವಳಿಕೆ ಫ್ಯೂಸ್ ಕಟ್ಟುವುದರಿಂದ ಮುಂದಕ್ಕೆ ಹೋಗಿಲ್ಲ, ಆದ್ದರಿಂದ ಪ್ರಶ್ನೆ ಬಾಲಿಶವೆನಿಸಿದರೆ ಕ್ಷಮಿಸಬೇಕು.

ನನ್ನ ಲ್ಯಾಪ್‌ಟಾಪ್‌ಗೆ ಐದು ವರ್ಷ ತುಂಬಿದೆ. ಅದರ ಜೊತೆಗೆ ಬಂದಿದ್ದ ಚಾರ್ಜರಿನ ತಂತಿಯನ್ನು ಕಳೆದ ತಿಂಗಳು ಇಲಿ ಕಡಿದುಹಾಕಿತು. ಸೇವಾ ಕೇಂದ್ರದಲ್ಲಿ ವಿಚಾರಿಸಿದಾಗ ಹೊಸದಕ್ಕೆ 2,800 ರೂಪಾಯಿ ಎಂದರು. ಅದನ್ನು ತರಲು ಶಿವಮೊಗ್ಗಕ್ಕೆ ಹೋಗಬೇಕಿತ್ತು. ಅಷ್ಟರಲ್ಲಿ ಪೇಟೆಯ ಅಂಗಡಿಯೊಂದರಲ್ಲಿ ಅದೇ ಆಕಾರದ ಪಿನ್ನಿನ, ಮೈಮೇಲೆ 19.5 ವೋಲ್ಟ್, 65 ವಾಟ್ ಎಂದೇ ಬರೆದಿದ್ದ ಚಾರ್ಜರ್ 550 ರೂಪಾಯಿಗೆ ದೊರೆಯಿತು. ‘ಎಲ್ಲಾ ಒಂದೇ ಸರ್, ಹೆಸರಿಗೆ ಮಾತ್ರ ದುಡ್ಡು’ ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ ತಂದೆ.

ಮೂರು ವಾರಗಳಿಂದ ಮೂರು ಬಗೆಯ ತೊಂದರೆಗಳು ಕಾಣಿಸಿಕೊಂಡಿವೆ. ಚಾರ್ಜರ್ ಹಾಕಿದಾಗ ಲ್ಯಾಪ್‌ಟಾಪ್ ನಡೆಯುತ್ತದೆಯಾದರೂ ‘ಪ್ಲಗ್ ಮಾಡಲಾಗಿದೆ, ಚಾರ್ಜ್ ಆಗುತ್ತಿಲ್ಲ’ ಎಂಬ ಸಂದೇಶ ಬರುತ್ತದೆ. ಜೊತೆಗೆ ಯಂತ್ರ ಎಷ್ಟು ನಿಧಾನವಾಗಿದೆಯೆಂದರೆ ಅಂಕಪಟ್ಟಿಯ ಒಂದು ಕಡತ ತೆರೆಯುವಷ್ಟರಲ್ಲಿ ಕಾಫಿ ಕುಡಿದು ಮುಗಿಸಬಹುದು. ಎರಡನೆಯದಾಗಿ, ಟಚ್‌ಪ್ಯಾಡ್ ಮೇಲೆ ಬೆರಳಿಟ್ಟರೆ ಬಾಣದ ಗುರುತು ತಾನಾಗಿಯೇ ಜಿಗಿದಾಡುತ್ತದೆ, ಚಾರ್ಜರ್ ಕಿತ್ತ ಕೂಡಲೇ ಸರಿಹೋಗುತ್ತದೆ. ಮೂರನೆಯದು ನನ್ನನ್ನು ಹೆಚ್ಚು ಹೆದರಿಸಿದೆ: ಕೀಲಿಮಣೆಯ ಪಕ್ಕದ ಲೋಹದ ಭಾಗಕ್ಕೆ ಮುಂಗೈ ತಾಗಿದರೆ ಜುಮ್ ಎನ್ನುತ್ತದೆ, ಅದರಲ್ಲೂ ಸಿಮೆಂಟಿನ ನೆಲದ ಮೇಲೆ ಬರಿಗಾಲಿನಲ್ಲಿ ಕುಳಿತಾಗ. ಎಂಟನೇ ತರಗತಿಯ ಮಗಳೂ ಇದೇ ಲ್ಯಾಪ್‌ಟಾಪ್ ಬಳಸುತ್ತಾಳೆ.

ಇಷ್ಟಕ್ಕೂ ಚಾರ್ಜರೇ ಕಾರಣವೇ, ಅಥವಾ ಲ್ಯಾಪ್‌ಟಾಪೇ ಕೆಟ್ಟಿದೆಯೇ? ನಮ್ಮದು ಹಳೆಯ ಮನೆ, ವೈರಿಂಗ್ ಕೂಡ ತಂದೆಯವರ ಕಾಲದ್ದು ಎಂಬುದನ್ನೂ ಹೇಳಿಬಿಡುತ್ತೇನೆ.

ಬೋರ್ಡ್ ರಿಪೇರಿ, ಹುಬ್ಬಳ್ಳಿ

ಮೇಷ್ಟ್ರೇ, ಮೊದಲು ಆ ಚಾರ್ಜರನ್ನು ಗೋಡೆಯಿಂದ ಕಿತ್ತಿಟ್ಟು ಮುಂದಕ್ಕೆ ಓದಿ. ಜುಮ್ ಎನ್ನುವ ವಿಚಾರ ತಿಳಿಯಾಗುವವರೆಗೆ ಮಗುವಿನ ಕೈಗೆ ಅದನ್ನು ಕೊಡಬೇಡಿ.

ನಾನು ಹದಿನಾಲ್ಕು ವರ್ಷಗಳಿಂದ ಮದರ್‌ಬೋರ್ಡ್ ದುರಸ್ತಿ ಮಾಡುತ್ತಿದ್ದೇನೆ. ನೀವು ಹೇಳಿದ ಮೂರೂ ಲಕ್ಷಣಗಳು ಒಂದೇ ಕಾಯಿಲೆಯವು ಎಂದು ಭಾವಿಸುವುದು ಸಹಜವಾದರೂ ಅವುಗಳ ಮೂಲ ಬೇರೆ ಬೇರೆ. ಮೂರೂ ಒಂದೇ ಚಾರ್ಜರಿನಲ್ಲಿ ಸೇರಿಕೊಂಡಿರುವುದು ನಿಮ್ಮ ದುರದೃಷ್ಟ.

ಚಾರ್ಜ್ ಆಗದಿರುವುದು ಮತ್ತು ನಿಧಾನವಾಗಿರುವುದು ಒಂದೇ ಕಾರಣದಿಂದ. ನಾವು ‘ಚಾರ್ಜರ್’ ಎಂದು ಕರೆಯುವ ಪೆಟ್ಟಿಗೆ ವಾಸ್ತವದಲ್ಲಿ ಬ್ಯಾಟರಿಯನ್ನು ಚಾರ್ಜ್ ಮಾಡುವುದೇ ಇಲ್ಲ. ಅದರ ಸರಿಯಾದ ಹೆಸರು ಅಡಾಪ್ಟರ್. ಅದು ಗೋಡೆಯ 230 ವೋಲ್ಟ್ ಎಸಿಯನ್ನು ಹತ್ತೊಂಬತ್ತು ಇಪ್ಪತ್ತು ವೋಲ್ಟ್ ಡಿಸಿಗೆ ಇಳಿಸಿ ಕೊಡುತ್ತದೆ, ಅಷ್ಟೆ. ಬ್ಯಾಟರಿಗೆ ಎಷ್ಟು ಕರೆಂಟು, ಯಾವಾಗ ಎಂಬುದನ್ನು ನಿರ್ಧರಿಸುವುದು ಮದರ್‌ಬೋರ್ಡ್ ಮೇಲಿರುವ ಚಾರ್ಜಿಂಗ್ ಐಸಿ ಎಂಬ ಚಿಪ್. ಆ ನಿರ್ಧಾರಕ್ಕೆ ಮುನ್ನ ಬೋರ್ಡು ‘ನೀನು ಯಾರು, ಎಷ್ಟು ವಾಟ್ ಕೊಡಬಲ್ಲೆ’ ಎಂದು ಅಡಾಪ್ಟರನ್ನು ಕೇಳುತ್ತದೆ. ಡೆಲ್ ಕಂಪನಿಯ ಅಡಾಪ್ಟರುಗಳಲ್ಲಿ ಇದಕ್ಕಾಗಿ ಪುಟ್ಟ ಮೆಮೊರಿ ಚಿಪ್ ಇರುತ್ತದೆ, ಗುಂಡನೆಯ ಪಿನ್ನಿನ ನಡುವೆ ಕಾಣುವ ಸೂಜಿಯ ಮೂಲಕ ಅದು ಉತ್ತರ ಕೊಡುತ್ತದೆ. ಲೆನೊವೊದ ಚಪ್ಪಟೆ ಪಿನ್ನಿನ ಅಡಾಪ್ಟರುಗಳಲ್ಲಿ ಅದೇ ಕೆಲಸವನ್ನು ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆಯೊಡ್ಡುವ ಒಂದು ಪುಟ್ಟ ಬಿಡಿಭಾಗ, ಮಾಡುತ್ತದೆ. ಉತ್ತರ ಬಾರದಿದ್ದರೆ ಅಥವಾ ತಪ್ಪಾಗಿ ಬಂದರೆ ಬೋರ್ಡು ಅನುಮಾನಪಟ್ಟು ಬ್ಯಾಟರಿಗೆ ಕರೆಂಟು ಕೊಡುವುದನ್ನು ನಿಲ್ಲಿಸುತ್ತದೆ, ಎಷ್ಟೋ ಮಾದರಿಗಳಲ್ಲಿ ಪ್ರೊಸೆಸರಿನ ವೇಗವನ್ನೂ ಹಿಡಿದಿಡುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಎಷ್ಟೇ ಕೆಲಸ ಕೊಟ್ಟರೂ ಪ್ರೊಸೆಸರ್ ಒಂದು ಗಿಗಾಹರ್ಟ್ಸ್ ದಾಟದೆ ಅಲ್ಲೇ ನಿಂತಿದ್ದರೆ, ಚಾರ್ಜರ್ ಕಿತ್ತೊಡನೆ ಮೇಲೇರಿದರೆ, ಇದೇ ಕಾರಣವೆಂದು ತಿಳಿಯಬಹುದು. ಇದು ಯಂತ್ರ ಕೆಟ್ಟಿರುವ ಲಕ್ಷಣವಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುವ ಲಕ್ಷಣ. ಆದರೆ ಅಸಲಿ ಅಡಾಪ್ಟರಿನಲ್ಲೂ ಆ ನಡುವಿನ ಸೂಜಿ ಬಾಗಿದರೆ ಅಥವಾ ಅದರ ತೆಳು ತಂತಿ ತುಂಡಾದರೆ ಇದೇ ಸಂದೇಶ ಬರುತ್ತದೆ ಎಂಬುದನ್ನು ಮರೆಯಬಾರದು.

ಬಾಣ ಜಿಗಿಯುವುದಕ್ಕೆ ವಿದ್ಯುತ್ತಿನ ಗದ್ದಲ, ಅಂದರೆ ಕರೆಂಟಿನಲ್ಲಿ ಬೆರೆತ ಬೇಡದ ಏರಿಳಿತ, ಕಾರಣ. ಈ ಅಡಾಪ್ಟರುಗಳೊಳಗೆ ಒಂದು ಟ್ರಾನ್ಸಿಸ್ಟರ್ ಸೆಕೆಂಡಿಗೆ ಹತ್ತಾರು ಸಾವಿರ ಸಲ, ಸಾಮಾನ್ಯವಾಗಿ 65 ಸಾವಿರದ ಆಸುಪಾಸು, ಕರೆಂಟನ್ನು ಕಡಿದು ಜೋಡಿಸುತ್ತಿರುತ್ತದೆ. ಆ ಕಡಿತದ ಗದ್ದಲ ಹೊರಗೆ ಬರದಂತೆ ತಡೆಯಲು ಒಳ್ಳೆಯ ಅಡಾಪ್ಟರಿನಲ್ಲಿ ತಾಮ್ರದ ಸುರುಳಿ ಸುತ್ತಿದ ಚೋಕ್, ಫಿಲ್ಟರ್ ಕೆಪಾಸಿಟರುಗಳು, ತಂತಿಯ ತುದಿಯಲ್ಲಿ ಕಪ್ಪು ಉರುಟಾದ ಫೆರೈಟ್ ಮಣಿ ಇರುತ್ತವೆ. ಟಚ್‌ಪ್ಯಾಡ್ ನಿಮ್ಮ ಬೆರಳನ್ನು ಗುರುತಿಸುವುದು ವಿದ್ಯುದಾವೇಶದ ಅತಿ ಸೂಕ್ಷ್ಮ ವ್ಯತ್ಯಾಸದಿಂದ. ಗದ್ದಲ ಅದರ ಮೇಲೆ ಸವಾರಿ ಮಾಡಿದಾಗ ಬೆರಳು ಚಲಿಸಿತೆಂದು ಅದು ತಪ್ಪಾಗಿ ತಿಳಿಯುತ್ತದೆ. ಇಯರ್‌ಫೋನಿನಲ್ಲಿ ಗುಂಯ್ ಎನ್ನುವ ಸದ್ದು ಕೇಳುತ್ತದೆಯೇ? ಕೇಳಿದರೆ ಅದೂ ಇದರದ್ದೇ ಕೂಸು.

ಮೂರನೆಯ ಲಕ್ಷಣದ ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿದ್ದಾರೆ.

ಪಾಲಿಟೆಕ್ನಿಕ್ ಮೇಡಂ

ನಾನು ಎಲೆಕ್ಟ್ರಿಕಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಜುಮ್ ಎನ್ನುವುದನ್ನು ಕಂಡು ಎಲ್ಲರೂ ಚಾರ್ಜರನ್ನೇ ಬೈಯುತ್ತಾರೆ. ಅರ್ಧದಷ್ಟು ಪ್ರಕರಣಗಳಲ್ಲಾದರೂ ಗೋಡೆಯನ್ನು ಬೈಯಬೇಕು ಎಂಬುದು ನನ್ನ ಅನುಭವ.

ಅಡಾಪ್ಟರಿನಲ್ಲಿ 230 ವೋಲ್ಟಿನ ಬದಿ ಮತ್ತು ಲ್ಯಾಪ್‌ಟಾಪಿನ ಬದಿ ಎರಡನ್ನೂ ಟ್ರಾನ್ಸ್‌ಫಾರ್ಮರ್ ಬೇರ್ಪಡಿಸುತ್ತದೆ. ಆದರೂ ಗದ್ದಲವನ್ನು ಹಿಂದಕ್ಕೆ ಕಳುಹಿಸಲೆಂದು ಆ ಎರಡು ಬದಿಗಳ ನಡುವೆ ಉದ್ದೇಶಪೂರ್ವಕವಾಗಿ ಒಂದು ಸಣ್ಣ ಕೆಪಾಸಿಟರನ್ನು ಇಡುತ್ತಾರೆ. ಇದಕ್ಕೆ ವೈ ಕೆಪಾಸಿಟರ್ ಎನ್ನುತ್ತೇವೆ. ಅದು 2.2 ನ್ಯಾನೊಫ್ಯಾರಡ್ ಇದ್ದರೆ, 230 ವೋಲ್ಟ್, 50 ಹರ್ಟ್ಸ್‌ಗೆ ಅದರ ಮೂಲಕ ಹರಿಯುವ ಕರೆಂಟು ಸುಮಾರು 0.16 ಮಿಲಿಆಂಪಿಯರ್. ಇಷ್ಟರಿಂದ ಅಪಾಯವಿಲ್ಲ. ಆದರೆ ತೇವದ ಚರ್ಮ, ಮುಂಗೈಯ ಒಳಭಾಗದಂಥ ತೆಳು ಜಾಗ, ಬರಿಗಾಲು, ಸಿಮೆಂಟಿನ ನೆಲ ಇವೆಲ್ಲ ಸೇರಿದರೆ ಇದನ್ನೂ ಕೆಲವರು ಗುರುತಿಸುತ್ತಾರೆ. ಮೂರು ಪಿನ್ನಿನ ಅಡಾಪ್ಟರುಗಳಲ್ಲಿ ಈ ಸೋರಿಕೆ ಅರ್ಥ್ ತಂತಿಯ ಮೂಲಕ ನೆಲಕ್ಕೆ ಇಳಿದುಹೋಗುವುದರಿಂದ ನಮಗೆ ಗೊತ್ತಾಗುವುದಿಲ್ಲ. ಅರ್ಥ್ ಇಲ್ಲದಾಗ ಅದು ದಾರಿ ಹುಡುಕಿಕೊಂಡು ನಮ್ಮ ಕೈಯ ಮೂಲಕ ಇಳಿಯುತ್ತದೆ. ಎರಡೇ ಪಿನ್ನಿನ, ಚೌಕದೊಳಗೊಂದು ಚೌಕದ ಗುರುತಿರುವ ಅಸಲಿ ಅಡಾಪ್ಟರುಗಳಲ್ಲಿ ಅರ್ಥ್ ಇರುವುದೇ ಇಲ್ಲ. ಅವುಗಳಲ್ಲಿಯೂ ಲೋಹದ ಮೈ ಸವರಿದರೆ ಸಣ್ಣಗೆ ಜುಮ್ ಎನ್ನುವುದುಂಟು, ಅದು ದೋಷವಲ್ಲ.

ಹಾಗಾದರೆ ಅಗ್ಗದ ಚಾರ್ಜರಿಗೆ ಭಯಪಡುವುದೇಕೆ? ಆ ವೈ ಕೆಪಾಸಿಟರ್ ಸಾಮಾನ್ಯ ಕೆಪಾಸಿಟರ್ ಅಲ್ಲ ಎಂಬುದಕ್ಕೆ. ಅದು ಕೆಟ್ಟರೂ ಶಾರ್ಟ್ ಆಗದಂತೆ, ಅಂದರೆ ಎರಡು ಬದಿಗಳು ನೇರವಾಗಿ ಕೂಡಿಕೊಳ್ಳದಂತೆ, ಸಂಪರ್ಕ ಕಡಿದುಕೊಂಡೇ ಕೆಡುವಂತೆ ತಯಾರಿಸಿ, ಪರೀಕ್ಷೆಗೊಳಪಡಿಸಿ, ಮೈಮೇಲೆ ‘ವೈ1’ ಅಥವಾ ‘ವೈ2’ ಎಂಬ ದರ್ಜೆಯನ್ನು ಮುದ್ರಿಸಿರುತ್ತಾರೆ. ಕೆಲವು ರೂಪಾಯಿ ಉಳಿಸಲು ಅದರ ಜಾಗದಲ್ಲಿ ಸಾಧಾರಣ ಸೆರಾಮಿಕ್ ಬಿಲ್ಲೆಯೊಂದನ್ನು ಹಾಕಿದರೆ, ಸಿಡಿಲಿನ ದಿನವೋ ವೋಲ್ಟೇಜ್ ಏರಿದ ದಿನವೋ ಅದು ಶಾರ್ಟ್ ಆದಾಗ ಗೋಡೆಯ 230 ವೋಲ್ಟ್ ನೇರವಾಗಿ ಲ್ಯಾಪ್‌ಟಾಪಿನ ಲೋಹದ ಮೈಗೆ ಬರುತ್ತದೆ. ಆಗ ಅದು ಜುಮ್ ಅಲ್ಲ, ಜೀವಕ್ಕೇ ಸಂಚಕಾರ. ಇಂದು ಆಗುತ್ತಿರುವ ಜುಮ್ ನಿರಪಾಯದ್ದೋ ಅಪಾಯದ್ದೋ ಎಂಬುದನ್ನು ಬರಿಗೈಯಿಂದ ಅಳೆಯಲು ಸಾಧ್ಯವಿಲ್ಲ ಎಂಬುದೇ ನನ್ನ ಕಳವಳ. ಟೆಸ್ಟರ್ ಸ್ಕ್ರೂಡ್ರೈವರಿನ ದೀಪ ಎರಡೂ ಸಂದರ್ಭಗಳಲ್ಲಿ ಉರಿಯುತ್ತದೆ, ಮಲ್ಟಿಮೀಟರ್ ಕೂಡ ಎರಡರಲ್ಲೂ ನೂರರ ಸುತ್ತಮುತ್ತ ತೋರಿಸಿ ದಾರಿ ತಪ್ಪಿಸಬಹುದು.

ಇಷ್ಟು ಮಾಡಿಸಿ: ಅನುಭವವಿರುವ ಎಲೆಕ್ಟ್ರಿಷಿಯನ್ ಒಬ್ಬರಿಂದ ನಿಮ್ಮ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಮೂರು ಅಳತೆ ತೆಗೆಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟಿದೆಯೋ ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟಿಗಿಂತ ಹೆಚ್ಚು ಇರಬಾರದು. ನಿಮ್ಮ ಪರಿಚಯದವರ ಅಸಲಿ ಅಡಾಪ್ಟರ್ ಒಂದನ್ನು ಅದೇ ಸಾಕೆಟ್ಟಿಗೆ ಹಾಕಿಯೂ ನೋಡಿ. ವೋಲ್ಟ್ ಮತ್ತು ಪಿನ್ನು ಒಂದೇ ಆಗಿರಬೇಕು ಎಂಬುದನ್ನು ಮರೆಯದಿರಿ.

ಮೂರನೇ ಬೆಂಚು

ಮೇಡಂ ಮತ್ತು ಹುಬ್ಬಳ್ಳಿಯವರ ಮಾತುಗಳನ್ನು ಒಪ್ಪುತ್ತಲೇ ಒಂದು ಆಕ್ಷೇಪ ಎತ್ತಬೇಕಾಗಿದೆ. ‘ಕಂಪನಿಯದ್ದಲ್ಲದ ಚಾರ್ಜರ್’ ಮತ್ತು ‘ಕಳಪೆ ಚಾರ್ಜರ್’ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಎಂಟು ವರ್ಷ ಹಳೆಯ ಯಂತ್ರ ಇಟ್ಟುಕೊಂಡವರಿಗೆ ಸೇವಾ ಕೇಂದ್ರಗಳು ‘ಆ ಮಾದರಿ ನಿಂತುಹೋಗಿದೆ’ ಎಂದು ಕೈಚೆಲ್ಲುತ್ತವೆ. 2,800 ರೂಪಾಯಿ ಎಂಬುದು ಅತಿಥಿ ಉಪನ್ಯಾಸಕರಿಗೋ ವಿದ್ಯಾರ್ಥಿಗಳಿಗೋ ಸಣ್ಣ ಮೊತ್ತವೂ ಅಲ್ಲ. ನಾನು ಬೇರೆ ತಯಾರಕರ ಅಡಾಪ್ಟರನ್ನು 1,200 ರೂಪಾಯಿಗೆ ಕೊಂಡು ನಾಲ್ಕು ವರ್ಷಗಳಿಂದ ಯಾವ ತಂಟೆಯೂ ಇಲ್ಲದೆ ಬಳಸುತ್ತಿದ್ದೇನೆ.

ಆರಿಸುವಾಗ ನಾನು ನೋಡುವುದು ಒಂದೇ ಗುರುತು. ಎಲೆಕ್ಟ್ರಾನಿಕ್ ವಸ್ತುಗಳ ಕಡ್ಡಾಯ ನೋಂದಣಿಗೆಂದು ಕೇಂದ್ರ ಸರ್ಕಾರ 2012ರಲ್ಲಿ ಹೊರಡಿಸಿದ ಆದೇಶದ ವ್ಯಾಪ್ತಿಗೆ ಅನಂತರ ಅಡಾಪ್ಟರುಗಳನ್ನೂ ಸೇರಿಸಲಾಯಿತು. ಈ ಕಡ್ಡಾಯ ನೋಂದಣಿಯ ನಿಯಮದಂತೆ ಭಾರತೀಯ ಮಾನಕ ಬ್ಯೂರೊದಲ್ಲಿ (ಬಿಐಎಸ್) ನೋಂದಣಿಯಾಗದ ಅಡಾಪ್ಟರನ್ನು ಇಲ್ಲಿ ಮಾರುವಂತಿಲ್ಲ. ನೋಂದಣಿಯಾಗಿದ್ದರೆ ಲೇಬಲ್ಲಿನ ಮೇಲೆ ‘ಐಎಸ್ 13252’ನಂಥ ಮಾನಕ ಸಂಖ್ಯೆಯೂ ‘ಆರ್’ ಅಕ್ಷರದ ಮುಂದೆ ಎಂಟು ಅಂಕಿಗಳ ನೋಂದಣಿ ಸಂಖ್ಯೆಯೂ ಇರುತ್ತವೆ. ಮುದ್ರಿಸುವುದು ಯಾರಿಗಾದರೂ ಸಾಧ್ಯ, ಆದ್ದರಿಂದ ಬ್ಯೂರೊದ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿ ತಯಾರಕರ ಹೆಸರು, ವಸ್ತು ಎರಡೂ ಹೊಂದುತ್ತವೆಯೇ ಎಂದು ಅಂಗಡಿಯ ಮುಂದೆಯೇ ನಿಂತು ನೋಡಬೇಕು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಹೀಗೆ ನೋಡುತ್ತ ನಿಂತರೆ ಕೆಲವು ಅಂಗಡಿಯವರು ಮುಖ ಸಿಂಡರಿಸುತ್ತಾರೆ, ಕೆಲವರು ತಾವಾಗಿಯೇ ಒಳಗಿನಿಂದ ಬೇರೆ ಡಬ್ಬ ತಂದು ಕೊಡುತ್ತಾರೆ. ಮುಖ ಸಿಂಡರಿಸಿದವರಲ್ಲಿ ನಾನು ಕೊಳ್ಳುವುದಿಲ್ಲ.

ಇತಿಹಾಸದ ಮೇಷ್ಟ್ರು

ಮೂವರಿಗೂ ಕೃತಜ್ಞತೆಗಳು. ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ನೀವು ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿಸಿದೆ.

ಎಲೆಕ್ಟ್ರಿಷಿಯನ್ ಬಂದು ಅಳೆದಾಗ ಫೇಸ್ ಮತ್ತು ನ್ಯೂಟ್ರಲ್ ನಡುವೆ 228 ವೋಲ್ಟ್ ಇತ್ತು, ಫೇಸ್ ಮತ್ತು ಅರ್ಥ್ ನಡುವೆ 130ರಲ್ಲಿ ಅಂಕಿ ಕುಣಿಯುತ್ತಿತ್ತು. ಹಿತ್ತಿಲಿನ ಅರ್ಥ್ ಗುಂಡಿಯನ್ನು ಅಗೆದು ನೋಡಿದರೆ ಕ್ಲ್ಯಾಂಪಿನ ಬಳಿ ತಂತಿ ತುಕ್ಕು ಹಿಡಿದು ತುಂಡಾಗಿಯೇ ಹೋಗಿತ್ತು. ಎಷ್ಟು ವರ್ಷಗಳಿಂದ ನಾವು ಅರ್ಥ್ ಇಲ್ಲದೆ ವಾಷಿಂಗ್ ಮೆಷಿನ್ ಬಳಸುತ್ತಿದ್ದೆವೋ ದೇವರೇ ಬಲ್ಲ. ಹೊಸ ತಂತಿ ಹಾಕಿ, ಇದ್ದಿಲು ಉಪ್ಪು ತುಂಬಿ, ನೀರು ಹೊಯ್ದು ಸರಿಪಡಿಸಿದರು. ಅಳತೆಗಳೀಗ ಮೇಡಂ ಹೇಳಿದಂತೆಯೇ ಬರುತ್ತಿವೆ. ಜೊತೆಗೆ ಮೇನ್ ಬೋರ್ಡಿನಲ್ಲಿ, ಕರೆಂಟು ಸೋರಿದರೆ ತಾನಾಗಿಯೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಕೂರಿಸಿದ್ದಾಯಿತು.

ಇಲ್ಲಿಗೆ ಕತೆ ಮುಗಿಯಿತೆಂದುಕೊಂಡೆ. ಆದರೆ 550 ರೂಪಾಯಿಯ ಚಾರ್ಜರ್ ಹಾಕಿದರೆ ಈಗಲೂ ಜುಮ್ ಎನ್ನುತ್ತದೆ! ಸಹೋದ್ಯೋಗಿಯೊಬ್ಬರ ಅಸಲಿ ಅಡಾಪ್ಟರನ್ನು ಅದೇ ಸಾಕೆಟ್ಟಿಗೆ ಹಾಕಿದರೆ ಜುಮ್ ಇಲ್ಲ, ಬಾಣ ಜಿಗಿಯುವುದಿಲ್ಲ, ಬ್ಯಾಟರಿ ತುಂಬುತ್ತದೆ, ಅಂಕಪಟ್ಟಿ ತಕ್ಷಣ ತೆರೆಯುತ್ತದೆ. ಲ್ಯಾಪ್‌ಟಾಪ್ ಸುರಕ್ಷಿತವಾಗಿದೆ ಎಂಬ ನೆಮ್ಮದಿ ಸಿಕ್ಕಿತು. ಆದರೆ ಮನೆಯ ಅರ್ಥ್ ಸರಿಯಾದ ಮೇಲೂ ಈ ಚಾರ್ಜರ್ ಏಕೆ ಕಚ್ಚುತ್ತಿದೆ?

ಲೇಬಲ್ಲಿನಲ್ಲಿದ್ದ ನೋಂದಣಿ ಸಂಖ್ಯೆಯನ್ನು ಆ್ಯಪಿನಲ್ಲಿ ಹಾಕಿ ನೋಡಿದೆ, ಅಂಥ ದಾಖಲೆಯೇ ಇಲ್ಲ ಎಂದು ಬಂತು. ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನವರು, ಚಾರ್ಜರನ್ನು ಗೋಡೆಯಿಂದ ಕಿತ್ತು ಒಂದು ದಿನ ಹಾಗೆಯೇ ಇಟ್ಟು, ಮರುದಿನ ಅದರ ಹೊಟ್ಟೆ ಬಗೆದರು. ಅವರು ತೋರಿಸಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ: ಚೋಕ್ ಇರಬೇಕಾದ ಜಾಗದಲ್ಲಿ ಎರಡು ತುಂಡು ತಂತಿ. ಫ್ಯೂಸ್ ಎಂದು ಮುದ್ರಿಸಿರುವ ಕಡೆಯಲ್ಲಿಯೂ ಒಂದು ತುಂಡು ತಂತಿ. ಟ್ರಾನ್ಸ್‌ಫಾರ್ಮರಿನ ಪಕ್ಕ ಯಾವ ದರ್ಜೆಯ ಗುರುತೂ ಇಲ್ಲದ ನೀಲಿ ಬಿಲ್ಲೆ. ಇನ್ನೊಂದು ಸಂಗತಿಯನ್ನು ಅವರು ನಗುತ್ತಲೇ ತೋರಿಸಿದರು, ನನಗೆ ಮಾತ್ರ ನಗು ಬರಲಿಲ್ಲ: ಗೋಡೆಯಿಂದ ಬರುವ ತಂತಿಯಲ್ಲಿ ಮೂರು ಪಿನ್ನುಗಳಿದ್ದರೂ ಚಾರ್ಜರಿನೊಳಗೆ ಮೂರನೆಯ ಪಿನ್ನು ಯಾವುದಕ್ಕೂ ಸೇರಿರಲಿಲ್ಲ.

ಬೋರ್ಡ್ ರಿಪೇರಿ, ಹುಬ್ಬಳ್ಳಿ

ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ, ಮೇಷ್ಟ್ರೇ. ಮನೆಯ ಅರ್ಥ್ ಇಲ್ಲದಿದ್ದಾಗ ಆ ಚಾರ್ಜರಿಗೆ ಅರ್ಥ್ ಸಿಗುತ್ತಿರಲಿಲ್ಲ. ಅರ್ಥ್ ಬಂದ ಮೇಲೂ ಅದನ್ನು ತೆಗೆದುಕೊಳ್ಳುವ ಬಾಯಿ ಚಾರ್ಜರಿಗೇ ಇಲ್ಲ. ದಪ್ಪನೆಯ ಮೂರನೇ ಪಿನ್ನನ್ನು ಗಿರಾಕಿಯ ಸಮಾಧಾನಕ್ಕೆ ಇಟ್ಟಿದ್ದಾರೆ. ಬಗೆಯದೆಯೇ ಇದನ್ನು ಪತ್ತೆಹಚ್ಚಬಹುದಿತ್ತು: ಗೋಡೆಗೆ ಹಾಕದೆ, ಮಲ್ಟಿಮೀಟರನ್ನು ಓಮ್ ಅಳೆಯುವ ಸ್ಥಾನಕ್ಕೆ ತಿರುಗಿಸಿ, ಒಂದು ಕಡ್ಡಿಯನ್ನು ಅರ್ಥ್ ಪಿನ್ನಿಗೂ ಇನ್ನೊಂದನ್ನು ಲ್ಯಾಪ್‌ಟಾಪ್ ಬದಿಯ ಪಿನ್ನಿನ ಹೊರಮೈಗೂ ಹಿಡಿದರೆ, ಮೂರು ಪಿನ್ನಿನ ಬಹುತೇಕ ಅಸಲಿ ಅಡಾಪ್ಟರುಗಳಲ್ಲಿ ಸಂಪರ್ಕ ಕಾಣುತ್ತದೆ, ನೇರವಾಗಿಯೋ ಸಣ್ಣ ರೆಸಿಸ್ಟರಿನ ಮೂಲಕವೋ.

ಫ್ಯೂಸ್ ಜಾಗದ ತಂತಿಯ ಬಗ್ಗೆ ಹೇಳದೆ ಬಿಡಲಾರೆ. 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ ಒಳಗಿನ ದೊಡ್ಡ ಕೆಪಾಸಿಟರಿನ ಮೇಲೆ ಸುಮಾರು 325 ವೋಲ್ಟ್ ನಿಲ್ಲುತ್ತದೆ. ಸಾಮಾನ್ಯವಾಗಿ ಅದರ ಮಿತಿ 400 ವೋಲ್ಟ್. ಹಳ್ಳಿಗಳ ಲೈನಿನಲ್ಲಿ ಮಳೆಗಾಲದಲ್ಲಿ ಮರ ಬಿದ್ದು ನ್ಯೂಟ್ರಲ್ ಕಡಿದರೆ ಮನೆಗೆ 230ರ ಬದಲು 300, 350 ವೋಲ್ಟ್ ನುಗ್ಗುವುದು ನಿಮಗೆ ಹೊಸದೇನಲ್ಲ. ಆಗ ಕೆಪಾಸಿಟರ್ ಒಡೆದು ಶಾರ್ಟ್ ಆಗುತ್ತದೆ. ಫ್ಯೂಸ್ ಇದ್ದರೆ ಅಲ್ಲಿಗೆ ಮುಗಿಯುತ್ತದೆ: ಚಾರ್ಜರ್ ಸತ್ತಿತು, ಲ್ಯಾಪ್‌ಟಾಪ್ ಉಳಿಯಿತು. ಫ್ಯೂಸ್ ಇಲ್ಲದಿದ್ದರೆ ಪ್ಲಾಸ್ಟಿಕ್ ಡಬ್ಬ ಕರಗಿ ಹಾಸಿಗೆಯ ಮೇಲೋ ಸೋಫಾದ ಮೇಲೋ ಬೆಂಕಿಯಾಗುತ್ತದೆ. ನನ್ನ ಮೇಜಿಗೆ ಬರುವ ಸುಟ್ಟ ಬೋರ್ಡುಗಳಲ್ಲಿ ಹೆಚ್ಚಿನವು ಇಂಥ ಅಬ್ಬರದ ಸಾವಿನವಲ್ಲ, ಚಾರ್ಜರಿನ ವೋಲ್ಟೇಜ್ ಹಿಡಿತ ತಪ್ಪಿ ಏರಿದಾಗ ಡಿಸಿ ಜ್ಯಾಕಿನ, ಅಂದರೆ ಚಾರ್ಜರ್ ಪಿನ್ನು ಕೂರುವ ತೂತಿನ, ಹಿಂದೆ ಸ್ವಿಚ್ಚಿನಂತೆ ಕೆಲಸ ಮಾಡುವ ಎರಡು ಮಾಸ್‌ಫೆಟ್‌ಗಳು ಸದ್ದಿಲ್ಲದೆ ಸತ್ತವು. ಅದರ ದುರಸ್ತಿಗೆ ನಾನು ತೆಗೆದುಕೊಳ್ಳುವುದು ಎರಡು ಸಾವಿರದಿಂದ ಆರಂಭವಾಗುತ್ತದೆ. ಹಾಗಾಗಿ ಅಗ್ಗದ ಚಾರ್ಜರುಗಳ ವಿರುದ್ಧ ಮಾತನಾಡುವುದು ನನ್ನ ಹೊಟ್ಟೆಪಾಡಿಗೆ ವಿರುದ್ಧವೇ ಆದರೂ ಹೇಳುತ್ತಿದ್ದೇನೆ.

ಹೊಸಬ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮೆಯಿರಲಿ. ನನ್ನ ಬಳಿ ಇದೇ ಕಂಪನಿಯ ಅಸಲಿ 90 ವಾಟ್ ಅಡಾಪ್ಟರ್ ಇದೆ. ಅದನ್ನು 65 ವಾಟಿನ ಲ್ಯಾಪ್‌ಟಾಪಿಗೆ ಹಾಕಿದರೆ ಹೆಚ್ಚು ಕರೆಂಟು ನುಗ್ಗಿ ಯಂತ್ರ ಸುಡುವುದಿಲ್ಲವೇ?

ಪಾಲಿಟೆಕ್ನಿಕ್ ಮೇಡಂ

ಸುಡುವುದಿಲ್ಲ. ಆಂಪಿಯರ್ ಎಂಬುದು ಅಡಾಪ್ಟರ್ ತಳ್ಳುವುದಲ್ಲ, ಲ್ಯಾಪ್‌ಟಾಪ್ ಎಳೆದುಕೊಳ್ಳುವುದು. ದೊಡ್ಡ ಟ್ಯಾಂಕಿಗೆ ಜೋಡಿಸಿದ ಮಾತ್ರಕ್ಕೆ ನಲ್ಲಿಯಿಂದ ಹೆಚ್ಚು ನೀರು ಬರುವುದಿಲ್ಲ, ಟ್ಯಾಂಕಿನ ಎತ್ತರ ಒಂದೇ ಆಗಿರಬೇಕು, ಅಷ್ಟೆ. ಆ ಎತ್ತರವೇ ವೋಲ್ಟೇಜ್. ವೋಲ್ಟೇಜ್, ಪಿನ್ನು, ಗುರುತಿನ ಪದ್ಧತಿ ಮೂರೂ ಹೊಂದಿದರೆ 90 ವಾಟಿನದು ತಣ್ಣಗೇ ಕೆಲಸ ಮಾಡುತ್ತದೆ. ಅಪಾಯವಿರುವುದು ತಿರುವುಮುರುವಾದಾಗ: 90 ಬೇಡುವ ಯಂತ್ರಕ್ಕೆ 45 ವಾಟಿನದನ್ನು ಹಾಕಿದಾಗ ಅದು ಕೈ ಸುಡುವಷ್ಟು ಕಾಯುತ್ತದೆ.

ಟೈಪ್ ಸಿ ಚಾರ್ಜರುಗಳಲ್ಲಿ ಈ ಮಾತುಕತೆ ಇನ್ನೂ ಅಚ್ಚುಕಟ್ಟು. ಅವು ಮೊದಲು 5 ವೋಲ್ಟಿನಲ್ಲಿ ಆರಂಭಿಸಿ, ಯಂತ್ರ ಕೇಳಿದ ಮೇಲೆ 9, 15, 20 ವೋಲ್ಟಿಗೆ ಏರುತ್ತವೆ. ಅಲ್ಲಿಯೂ ಕಳಪೆ ಮಾಲು ಇಲ್ಲದಿಲ್ಲ, 5 ಆಂಪಿಯರ್ ಹರಿಸಲು ಕೇಬಲ್ಲಿನೊಳಗೆ ಚಿಪ್ ಇರಲೇಬೇಕೆಂಬ ನಿಯಮವನ್ನು ಅಗ್ಗದ ಕೇಬಲ್ಲುಗಳು ಪಾಲಿಸದಿರುವುದುಂಟು.

ಇತಿಹಾಸದ ಮೇಷ್ಟ್ರು

ಕೊನೆಗೆ ಶಿವಮೊಗ್ಗಕ್ಕೆ ಹೋಗಿ ಅಸಲಿಯನ್ನೇ ತಂದೆ. ಮೂರನೇ ಬೆಂಚಿನವರ ಸಲಹೆಯಂತೆ ನೋಂದಣಿಯಿರುವ ಬೇರೆ ತಯಾರಕರದ್ದನ್ನು ಅಲ್ಲಿ ಹುಡುಕಿದೆನಾದರೂ ನನ್ನ ಪಿನ್ನಿನದು ಸಿಗಲಿಲ್ಲ. ಹಳೆಯ ಅಂಗಡಿಯವರು ಹಣ ಹಿಂದಿರುಗಿಸಲು ಒಪ್ಪಲಿಲ್ಲ. ನಾನು ಬಿಲ್ ಪಡೆದಿರಲಿಲ್ಲ ಎಂಬುದೇ ಅವರ ವಾದ, ಇತಿಹಾಸ ಕಲಿಸುವವನಿಗೆ ದಾಖಲೆಯ ಬೆಲೆ ಗೊತ್ತಿರಬೇಕಿತ್ತು. ಬಿಲ್ ಇಲ್ಲದೆಯೂ ಏನಾದರೂ ಮಾಡಬಹುದೇ? ಬಗೆದಿಟ್ಟ ಚಾರ್ಜರನ್ನು ಏನು ಮಾಡಲಿ?

ಮೂರನೇ ಬೆಂಚು

ಗೂಗಲ್ ಪೇ, ಫೋನ್‌ಪೇ ಮೂಲಕ ಹಣ ಕೊಟ್ಟಿದ್ದರೆ ಆ ವಹಿವಾಟಿನ ವಿವರವನ್ನು ಕೊಂಡದ್ದಕ್ಕೆ ಆಧಾರವಾಗಿ ತೋರಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಅಲ್ಲಿ ಕನ್ನಡದಲ್ಲಿಯೂ ದೂರು ಹೇಳಬಹುದು. ಸುಳ್ಳು ನೋಂದಣಿ ಸಂಖ್ಯೆಯ ವಿಚಾರವನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲೇ ದೂರಾಗಿ ದಾಖಲಿಸಿ, ಲೇಬಲ್ಲಿನ ಚಿತ್ರವನ್ನು ಲಗತ್ತಿಸಿ. ದೂರು ಇತ್ಯರ್ಥವಾಗುವವರೆಗೆ ಚಾರ್ಜರನ್ನು ಎಸೆಯಬೇಡಿ.

ಅನಂತರ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ, ಆದರೆ ಕೊಡುವ ಮುನ್ನ ಎರಡೂ ಕಡೆಯ ತಂತಿಗಳನ್ನು ಬುಡದಲ್ಲೇ ಕತ್ತರಿಸಿಬಿಡಿ. ಹಾಗೆಯೇ ಕೊಟ್ಟರೆ ಅದಕ್ಕೊಂದು ಹೊಸ ಡಬ್ಬ ಬಡಿದು ಮತ್ತೊಬ್ಬರಿಗೆ 550 ರೂಪಾಯಿಗೆ ಮಾರುತ್ತಾರೆ.